ಕೋಟೆ ನೋಡಕ್ಕೋಗಿ ಕಾಲುವೆ ನೋಡ್ಕೊಂಡು ಬಂದೆ

ಹೋದ ವಾರ ಟೊಮೆಟೊ ಮುದುರು ರೋಗದ ಬಗ್ಗೆ ಬರೀತೀನಿ ಅಂದಿದ್ದೆ, ಬರೀಲಿಲ್ಲ. ಊರಲ್ಲಿರ್ಲಿಲ್ಲ. ಗೌರಿ ಹಬ್ಬ ಮುಗಿಸ್ಕೊಂಡು ನಾನೂ ನಮ್ಮನೆಯವ್ರೂ ಕುಮಟಾ ಕಡೆ ಹೋಗಿದ್ವಿ. ಹಸು ಎರಡನ್ನೂ ಎದುರು ಮನೆಯವ್ರಿಗೆ ಒಪ್ಪಿಸಿ ಹೋಗ್ಬೇಕಾಯ್ತು. ಮೊದಲಾಗಿದ್ರೆ ನಮ್ಮ ಚಿಕ್ಕಪ್ಪ ನೋಡ್ಕೊಳ್ತಿದ್ರು. ಈಗ ಅವರಿಗೂ ನಮಗೂ ಮಾತಿಲ್ಲ. ಆ ಕತೆ ಆಮೇಲೆ ಹೇಳ್ತೀನಿ.

ಈ ಪ್ರಯಾಣಕ್ಕೆ ಕಾರಣ ನಮ್ಮಕ್ಕನ ಮಗ. ನರಸಾಪುರದ ಕಡೆ ಒಂದು ಫ್ಯಾಕ್ಟರೀಲಿ ಕೆಲಸಕ್ಕಿದ್ದಾನೆ, ಟ್ರೈನಿಂಗ್ ಅಂತ ಜಪಾನಿಗೆ ಕಳಿಸಿದ್ರು. ರಜದ ದಿನ ಇಮಾಬರಿ ಅನ್ನೋ ಸಮುದ್ರದ ಊರಿಗೆ ಹೋಗಿ, ಅಲ್ಲಿನ ಕೋಟೆ ಮುಂದೆ ನಿಂತು ವಿಡಿಯೋ ಕಾಲ್ ಮಾಡಿದ. 1602ರಲ್ಲಿ ಕಟ್ಟೋಕೆ ಶುರು ಮಾಡಿದ ಕೋಟೆ. ಸುತ್ತ ಕಂದಕ, ಕಂದಕಕ್ಕೆ ಸಮುದ್ರದ ನೀರೇ. ಉಬ್ಬರದಲ್ಲಿ ಏರ್ತದೆ, ಇಳಿತದಲ್ಲಿ ಇಳೀತದೆ, ಸಮುದ್ರದ ಮೀನು ಕಂದಕದೊಳಗೇ ಓಡಾಡ್ತವೆ. ಮೇಲಿನ ದೊಡ್ಡ ಗೋಪುರ ಮಾತ್ರ 1980ರಲ್ಲಿ ಕಾಂಕ್ರೀಟಲ್ಲಿ ಮತ್ತೆ ಕಟ್ಟಿದ್ದು. ಎಲ್ಲಾ ತೋರಿಸಿ, "ಮಾವ, ಇಂಥದ್ದು ನಮ್ ಕಡೆ ಎಲ್ಲಾದ್ರೂ ಐತಾ?" ಅಂದ.

ಐತೆ ಅಂತ ಹೇಳೋಕೆ ನನಗೆ ತಕ್ಷಣ ಬಾಯಿ ಬರ್ಲಿಲ್ಲ. ನಮ್ಮೂರ ಹೆಸರಲ್ಲೇ ಕೋಟೆ ಇದೆ. ಕೋಲಾರದ್ದು ಹಳೇ ಕೋಟೆ, ಇದು ಹೊಸದು, ಅದಕ್ಕೇ ಹೊಸಕೋಟೆ. ಸುಗಟೂರಿನ ತಮ್ಮೇಗೌಡ 1595ರ ಸುಮಾರಿಗೆ ಕಟ್ಟಿಸಿದ್ದು. ಆದ್ರೆ ಕೋಟೆ ಹೆಸರಲ್ಲಿ ಉಳಿದಷ್ಟು ನೆಲದ ಮೇಲೆ ಉಳಿದಿಲ್ಲ. ಉಳಿದಿರೋದು ದೊಡ್ಡಕೆರೆ. ಕಟ್ಟೆ ಎರಡು ಮೈಲಿ, ತುಂಬಿದ್ರೆ ನೀರಿನ ಸುತ್ತಳತೆ ಹತ್ತು ಮೈಲಿ ಅಂತ ಹಳೇ ಮೈಸೂರು ಗೆಜೆಟಿಯರಲ್ಲಿ ಬರೆದಿದ್ದಾರೆ. ಆದ್ರೆ ಹುಡುಗ ಕೇಳಿದ್ದು ಸಮುದ್ರದ ಪಕ್ಕದ ಕೋಟೆ. ಆಮೇಲೆ ನೆನಪಾಗಿದ್ದು ಮಿರ್ಜಾನ್. ನಮ್ಮನೆಯವ್ರು ಫೋನಲ್ಲಿ ಹಸಿರು ಹಾಸಿದ ಕೋಟೆ ಫೋಟೋ ತೋರಿಸಿ, "ಇಪ್ಪತ್ತು ವರ್ಷದಿಂದ ತಿರುಪತಿ, ಧರ್ಮಸ್ಥಳ ಬಿಟ್ರೆ ಎಲ್ಲಿಗ್ ಕರ್ಕೊಂಡೋಗಿದೀರ?" ಅಂದ್ರು. ಮುಗೀತು.

ರಾತ್ರಿ ಬೆಂಗಳೂರಲ್ಲಿ ಪಂಚಗಂಗಾ ರೈಲು ಹತ್ತಿದ್ರೆ ಬೆಳಿಗ್ಗೆ ಕುಮಟಾ. ಅಲ್ಲಿಂದ ಅಂಕೋಲಾ ಕಡೆ ಹೋಗೋ ಬಸ್ಸಲ್ಲಿ ಹತ್ತು-ಹನ್ನೊಂದು ಕಿಲೋಮೀಟರ್. ಅಘನಾಶಿನಿ ಸೇತುವೆ ದಾಟಿದ ಮೇಲೆ ಮಿರ್ಜಾನ್. ಹೆದ್ದಾರಿಯಿಂದ ನಡೆದೇ ಹೋಗ್ಬಹುದು.

ಕೋಟೆ ಒಂದ್ಹತ್ತು ಎಕರೆ ಇದೆ. ನಮ್ಮ ಕಡೆ ಕರೀಕಲ್ಲಲ್ಲ, ಕೆಂಪು ಚಿರೆಕಲ್ಲು. ಹೊಸದಾಗಿ ಕೊಯ್ದಾಗ ಇಟ್ಟಿಗೆ ಮಣ್ಣಿನ ಹಾಗಿರ್ತದೆ, ಗಾಳಿಗೆ ಬಿದ್ದಂಗೆಲ್ಲ ಗಟ್ಟಿಯಾಗ್ತದೆ. ಮಳೆ ಬಿದ್ದು ಗೋಡೆ ಮೇಲೆಲ್ಲ ಹುಲ್ಲು, ಪಾಚಿ. ಎರಡು ಸುತ್ತು ಗೋಡೆ, ಎತ್ತರದ ಬುರುಜು, ಸುತ್ತ ಕಂದಕ. ಒಳಗೆ ಬಾವಿ ಮೇಲೆ ಬಾವಿ. ನಮ್ಮನೆಯವ್ರು ಫೋಟೋ ತೆಗೆದ್ರು, ನಾನು ಬಾವಿಗಳನ್ನ ಒಂದೊಂದಾಗಿ ಬಗ್ಗಿ ನೋಡ್ದೆ. ಚಾಳಿ ಬಿಡಲ್ಲ. ಸಾವಿರದ ಮುನ್ನೂರು ಅಡಿಗೆ ಬೋರ್ ಹೊಡ್ಸಿ ಧೂಳು ನೋಡಿದ ಮೇಲೆ ಎಲ್ಲಿ ನೀರು ಕಂಡ್ರೂ ನಿಲ್ತೀನಿ.

ಈ ಕೋಟೆಯನ್ನ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಟ್ಟಿಸಿದ್ದು ಅಂತಾರೆ. 1552ರಿಂದ 1606ರ ತನಕ, 54 ವರ್ಷ ಆಳಿದಳು. ಘಟ್ಟದ ಮೇಲಿಂದ ಕಾಳುಮೆಣಸು ಇಳಿದು ಬಂದು ಇಲ್ಲಿಂದ ಹಡಗು ಹತ್ತೋದು. ಪೋರ್ಚುಗೀಸರು ಅವಳನ್ನ ಮೆಣಸಿನ ರಾಣಿ ಅಂತಲೇ ಕರೆದ್ರು. ಹೊಡೆದಾಡಿದ್ದೂ ಅವರ ಜೊತೆನೇ, ಮಾರಿದ್ದೂ ಅವರಿಗೇ. ಪುರಾತತ್ವದವ್ರು ಇಲ್ಲಿ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಫಿರಂಗಿ ಗುಂಡು, ಚೀನಾದ ಪಿಂಗಾಣಿ ಚೂರು ಸಿಕ್ಕಿವೆ. ಒಂದು ಬೆಳೆ ಹಿಡ್ಕೊಂಡು 54 ವರ್ಷ! ನಮ್ಮ ಟೊಮೆಟೊ ರೇಟು ಕೋಲಾರ ಮಾರ್ಕೆಟ್ಟಲ್ಲಿ 54 ಗಂಟೆ ನಿಂತ್ರೆ ಅದೇ ದೊಡ್ಡದು. ಕೊನೆಗೆ ಅವಳನ್ನ ಸೋಲಿಸಿದ್ದು ಹೊರಗಿಂದ ಬಂದ ಹಡಗಲ್ಲ, ಅಕ್ಕಪಕ್ಕದ ಕೆಳದಿ, ಬಿಳಗಿ ಅರಸರು ಸೇರ್ಕೊಂಡು. ಸೆರೆಯಲ್ಲೇ ತೀರ್ಕೊಂಡಳು. ಪಕ್ಕದ ಹೊಲದವರ ಜಗಳ ಅಂದ್ರೆ ನಾಲ್ಕುನೂರು ವರ್ಷದ ಹಿಂದೆನೂ ಹಿಂಗೇ.

ಕೋಟೆ ಅಷ್ಟೆ. ಎರಡು ಗಂಟೇಲಿ ಮುಗೀತು. ನಾನು ಬರೆಯೋಕೆ ಕೂತಿದ್ದು ಮಧ್ಯಾಹ್ನದ ಮೇಲೆ ನೋಡಿದ್ದಕ್ಕೆ.

ವಾಪಸ್ ಕುಮಟಾಗೆ ಬಂದು ಊಟ ಮಾಡೋವಾಗ ಹೋಟ್ಲಲ್ಲಿ ಕೇಳ್ದೆ, ಇಲ್ಲಿ ಉಪ್ಪು ನೀರಲ್ಲೇ ಭತ್ತ ಬೆಳೀತಾರಂತಲ್ಲ, ಎಲ್ಲಿ ಅಂತ. ಮಾಣಿಕಟ್ಟಾ ಕಡೆ ಹೋಗಿ ಅಂದ್ರು. ಆಟೋದಲ್ಲಿ ಹೋದ್ವಿ. ಅಘನಾಶಿನಿ ಸಮುದ್ರ ಸೇರೋ ಜಾಗ ಅದು. ಈ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮುಖಜ ಭೂಮಿ 4,801 ಹೆಕ್ಟೇರನ್ನ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದ್ದಾರೆ.

ನೋಡಿದ್ರೆ ಒಂದು ಕಡೆ ಉಪ್ಪು ಹೊಳೆ, ಇನ್ನೊಂದು ಕಡೆ ಎದೆಮಟ್ಟ ಭತ್ತ, ನಡುವೆ ಒಂದು ಕಟ್ಟೆ. ಹೊಳೆ ನೀರು ಗದ್ದೆಗಿಂತ ಮೇಲಿತ್ತು. ಆಗ ಉಬ್ಬರದ ಹೊತ್ತು. ಕಟ್ಟೆ ಮೇಲೆ ಒಬ್ಬ ವಯಸ್ಸಾದವ್ರು ಕತ್ತಿ ಹಿಡ್ಕೊಂಡು ಗಿಡ ಸವರ್ತಿದ್ರು. ಮಾತಾಡಿಸ್ದೆ.

"ಇದು ಗಜನಿ. ಇಲ್ಲಿ ಬೆಳೆಯುದು ಕಗ್ಗ. ಬೇರೆ ಭತ್ತ ಹಾಕಿದ್ರೆ ಸುಟ್ಟು ಹೋಗ್ತದೆ," ಅಂದ್ರು.

ಜೂನ್, ಜುಲೈ ಮಳೆ ಗದ್ದೆ ಉಪ್ಪು ತೊಳೀತದೆ. ಆಗ ಮೊಳಕೆ ಕಟ್ಟಿದ ಬೀಜ ಚೆಲ್ತಾರೆ. ಕೆಲವು ದಿನ ನೀರಲ್ಲಿ ಮುಳುಗಿದ್ರೂ ಕಗ್ಗ ಸಾಯಲ್ಲ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲಾದ ಮೇಲೆ ತೂಬಿನ ಹಲಗೆ ತೆಗೆದು ಉಪ್ಪು ನೀರು ಒಳಗೆ ಬಿಡ್ತಾರೆ. ಮೀನು, ಸಿಗಡಿ ಬರ್ತವೆ. ಕೊಳೆತ ಕೂಳೆ ಮೀನಿಗೆ ಮೇವು, ಮೀನಿನ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ನಾನು ತೂಬಿನ ಹತ್ರ ಹೋಗಿ ಕೂತೆ. ನಮ್ಮ ಕೆರೆ ತೂಬಿನ ಕೆಲಸನೇ, ಆದ್ರೆ ತಿರುವು ಮುರುವು. ನಾವು ನೀರು ಹೊರಗೆ ಹೋಗದ ಹಾಗೆ ಕಾಯ್ತೀವಿ, ಅವರು ಒಳಗೆ ಬರದ ಹಾಗೆ.

"ಎಷ್ಟು ಜನರದ್ದು ಈ ಗದ್ದೆ?" ಅಂದೆ.

"ಊರದ್ದು. ಗಡಿ ಉಂಟು, ಆದ್ರೆ ಕಟ್ಟೆ ಒಂದೇ ಅಲ್ವ. ಒಬ್ಬ ಸಿಗಡಿ ಆಸೆಗೆ ತನ್ನ ಕಡೆ ಕಟ್ಟೆ ಒಡೆದ ಅಂದ್ರೆ ಉಪ್ಪು ಅವನ ಗದ್ದೆ ನೋಡಿ ನಿಲ್ತದಾ? ಎಲ್ಲರದ್ದೂ ಹೋಯ್ತು."

ನಮ್ಮನೆಯವ್ರು ನನ್ನ ಮುಖ ನೋಡಿದ್ರು. ನಾನು ಹೊಳೆ ನೋಡ್ದೆ.

ಈಗ ಚಿಕ್ಕಪ್ಪನ ಕತೆ. ನಮ್ಮೂರ ಕೆರೆಗೆ ಹೋಗೋ ರಾಜಕಾಲುವೆ ನಮ್ಮ ಹೊಲದ ಅಂಚಲ್ಲೇ ಹಾದು ಹೋಗ್ತಿತ್ತು. ನಮ್ಮಪ್ಪನ ಕಾಲದಲ್ಲಿ ಎತ್ತಿನ ಗಾಡಿ ಇಳಿಯೋಷ್ಟು ಅಗಲ. ನೀರು ಬರೋದು ನಿಂತು ವರ್ಷಗಟ್ಟಲೆ ಆಗಿತ್ತು, ಬರೀ ಲಾಂಟಾನ, ಜಾಲಿ. ನಾನು ಜೆಸಿಬಿ ತರಿಸಿ ಸಮ ಮಾಡಿ, ನಾಲ್ಕು ಗುಂಟೆ ಸೇರಿಸ್ಕೊಂಡು ರೋಜಾ ಹಾಕಿ ಡ್ರಿಪ್ ಎಳೆದೆ. ಚಿಕ್ಕಪ್ಪ ಬದುವಿನ ಮೇಲೆ ನಿಂತು, "ಲೋ, ನೀರಿಗೆ ದಾರಿ ಮರೆಯಲ್ಲ ಕಣೋ" ಅಂದಿದ್ರು. "ಮೇಲ್ಗಡೆ ಹತ್ತು ಜನ ಮುಚ್ಚವ್ರೆ, ನಾನೊಬ್ಬ ಬಿಟ್ರೆ ಕೆರೆ ತುಂಬ್ತದಾ" ಅಂತ ನಾನೂ ಜೋರಾಗೇ ಹೇಳ್ದೆ.

2021ರ ನವೆಂಬರ್ ಮಳೆ ನಮ್ಮ ಕಡೆ ಯಾರೂ ಮರ್ತಿಲ್ಲ. ನೀರು ಹಳೇ ದಾರಿ ಹಿಡ್ಕೊಂಡು ಬಂತು, ನಾನು ಎತ್ತರಿಸಿದ ಕಡೆ ತಿರುಗಿ ಚಿಕ್ಕಪ್ಪನ ಹೊಲಕ್ಕೆ ನುಗ್ಗಿತು. ಕೊಯ್ದು ಅರಿ ಹಾಕಿದ್ದ ರಾಗಿ ನೀರಲ್ಲೇ ನಿಂತು ಮೊಳಕೆ ಬಂತು. ನನ್ನ ರೋಜಾಗೆ ಏನೂ ಆಗ್ಲಿಲ್ಲ. ಚಿಕ್ಕಪ್ಪ ಬೈಲಿಲ್ಲ, ಪಂಚಾಯ್ತಿ ಸೇರಿಸ್ಲಿಲ್ಲ. ಮಾತು ಬಿಟ್ರು. ಎಲ್ಲಾ ಮಳೆ ಮೇಲೆ ಹಾಕಿ ನಾನೂ ಸುಮ್ಮನಾದೆ. ಈ ಪೇಜಲ್ಲೂ ಆಗ ಮಳೆ ಹಾನಿ ಅಂತ ಬರೆದೆನೇ ಹೊರತು ಕಾಲುವೆ ಸುದ್ದಿ ಎತ್ಲಿಲ್ಲ. ಓದಿದ್ದ ಕೆಲವರಿಗೆ ಗೊತ್ತಿತ್ತು, ನನ್ನ ಮುಖ ನೋಡಿ ಯಾರೂ ಹೇಳ್ಲಿಲ್ಲ.

ಆ ಯಜಮಾನರ ಮನೇಲಿ ಎರಡು ಕೇಜಿ ಕಗ್ಗದ ಅಕ್ಕಿ ತಗೊಂಡೆ. ರೈಲಲ್ಲಿ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ, ಮೇಲಿನ ಬರ್ತಿನವನ ಗೊರಕೆನೂ ಒಂದು ಕಾರಣ ಅನ್ನಿ.

ಊರಿಗೆ ಬಂದ ಸಂಜೆ ಅಕ್ಕಿ ತಗೊಂಡು ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಮ್ಮ ಒಳಗೆ ಕರೆದ್ರು. ಚಿಕ್ಕಪ್ಪ ಟೀವಿ ನೋಡ್ತಾನೇ ಇದ್ರು. "ಕಾಲುವೆ ಬಿಡ್ತೀನಿ ಚಿಕ್ಕಪ್ಪ" ಅಂದೆ. ಸುಮಾರು ಹೊತ್ತು ಆದ್ಮೇಲೆ, "ಎಷ್ಟಗಲ?" ಅಂದ್ರು. ಮೊದಲಿದ್ದಷ್ಟು ಅಂದೆ. "ಮೊದಲೆಷ್ಟಿತ್ತು ಅಂತ ನಿಂಗೇನ್ ಗೊತ್ತು," ಅಂದು ಮತ್ತೆ ಟೀವಿ ಕಡೆ ತಿರುಗಿದ್ರು.

ಸೋಮವಾರ ಬೆಳಿಗ್ಗೆ ಆರೂವರೆಗೆ ಬಂದ್ರು. ಕೈಲಿ ಹಾರೆ. ರೋಜಾ ಸಾಲಿನ ಮಧ್ಯೆ ನಡೆದು ಒಂದು ಕಡೆ ನಿಂತು, ಹಳೇ ಬೇವಿನ ಮರಕ್ಕೂ ಕೆರೆ ಕಟ್ಟೆಗೂ ಕಣ್ಣಲ್ಲೇ ಗೆರೆ ಎಳೆದು, ಇಲ್ಲಿ ಅಗಿ ಅಂದ್ರು. ಒಂದೂವರೆ ಅಡಿಗೆ ಗಡಿ ಕಲ್ಲು ಸಿಕ್ತು. ನಾನು ಲೆಕ್ಕ ಹಾಕಿದ್ದಕ್ಕಿಂತ ಎರಡು ಮಾರು ಈಚೆಗೆ. ಅಂದ್ರೆ ನಾಲ್ಕಲ್ಲ, ಐದೂವರೆ ಗುಂಟೆ ಹೋಗ್ತದೆ. ರೋಜಾ ಮೂರು ಸಾಲು, ಒಂದು ಸಬ್‌ಮೈನ್ ಪೈಪು. ನಮ್ಮನೆಯವ್ರಿಗೆ ಇನ್ನೂ ಪೂರ್ತಿ ಹೇಳಿಲ್ಲ, ಇಲ್ಲಿ ಓದಿ ಗೊತ್ತಾಗ್ತದೆ.

ಕಗ್ಗದ ಅನ್ನ ಹೆಂಗಿತ್ತು ಅಂತ ಕೇಳ್ದೆ. "ದಪ್ಪ ಐತೆ. ಮುದ್ದೆ ಉಂಡಂಗೆ ಹೊಟ್ಟೆ ನಿಲ್ತದೆ," ಅಂದ್ರು ಚಿಕ್ಕಪ್ಪ.

ಹಿಂಗಾರು ಜೋರಾಗೋಕೆ ಮುಂಚೆ ಕೆಲಸ ಮುಗಿಸ್ಬೇಕು. ಗುರುವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬರ್ತದೆ, ಬೇವಿನ ಮರದಿಂದ ಶುರು. ಮೇಲ್ಗಡೆ ಹೊಲದವ್ರು ಯಾರಾದ್ರೂ ಗಂಟೆ ಬಾಡಿಗೆ ಹಂಚ್ಕೊಂಡು ತಮ್ಮ ಕಡೆನೂ ತೆಗೆಸೋದಾದ್ರೆ ಬುಧವಾರ ಸಂಜೆ ಒಳಗೆ ಫೋನ್ ಮಾಡಿ. ರೋಜಾ ಗಿಡ ಬೇರು ಸಮೇತ ಬೇಕಾದವ್ರು ಅದಕ್ಕೂ ಮುಂಚೆ ಬಂದು ಕಿತ್ಕೊಂಡೋಗಿ, ದುಡ್ಡು ಬೇಡ. ಮುದುರು ರೋಗದ್ದು ಮುಂದಿನ ವಾರ ಖಂಡಿತ.