ಬೀಗ ಹಾಕುವ ಹೊತ್ತು

ಹೋದ ಭಾನುವಾರ ನಮ್ಮ ಮನೆಗೆ ಸರಿಯಾಗಿ 8.15ಕ್ಕೆ ಬೀಗ ಬಿತ್ತು. ಸಾಲ ಕೊಟ್ಟವರು ಹಾಕಿದ್ದಲ್ಲ, ನಾನೇ ಹಾಕಿದ್ದು. ಐದು ಜನವೂ ಚಪ್ಪಲಿ ಮೆಟ್ಟಿ ಹೊರಗೆ ನಿಂತಿದ್ದೆವು. ಮಗನ ಕೈಯಲ್ಲಿ ನೀರಿನ ಬಾಟಲಿ, ಅತ್ತೆಯ ಕೈಯಲ್ಲಿ ಮುಯ್ಯಿಯ ಕವರು. ಹನುಮಂತನಗರದಿಂದ ಯಲಹಂಕದ ಛತ್ರಕ್ಕೆ ಹೋಗಿ, ಧಾರೆ ನೋಡಿ, ಮೊದಲ ಪಂಕ್ತಿಯಲ್ಲೇ ಉಂಡು ಬಂದೆವು. ಮದುವೆಯಾಗಿ ಹದಿನಾರು ವರ್ಷದಲ್ಲಿ ನಾನು ಧಾರೆಯನ್ನು ಕಣ್ಣಾರೆ ಕಂಡದ್ದು ಇದು ಎರಡನೆಯ ಸಲ. ಮೊದಲನೆಯದು ನನ್ನದೇ.

ಗುಟ್ಟು ಇಷ್ಟೇ. ಮನೆಯವರೆಲ್ಲರ ಫೋನಿನಲ್ಲಿರುವ ಗೂಗಲ್ ಕ್ಯಾಲೆಂಡರಿನಲ್ಲಿ ನಾನು ಮುಹೂರ್ತವನ್ನು ಬರೆಯುವುದೇ ಇಲ್ಲ. ಬೀಗ ಹಾಕುವ ಹೊತ್ತನ್ನು ಬರೆಯುತ್ತೇನೆ. ‘ಮುಹೂರ್ತ 10.20’ ಎಂದು ಬರೆದರೆ ನಮ್ಮವರು ಒಂಬತ್ತೂವರೆಗೆ ಟವೆಲ್ ಹುಡುಕಲು ಏಳುತ್ತಾರೆ. ‘ಬೀಗ 8.15’ ಎಂದು ಬರೆದರೆ ಅದರಿಂದ ಹಿಂದಕ್ಕೆ ಎಣಿಸಬಹುದು: 7.40ಕ್ಕೆ ತಿಂಡಿಯ ತಟ್ಟೆ ಸಿಂಕಿನಲ್ಲಿರಬೇಕು, ಐದು ಜನಕ್ಕೆ ಒಂದೇ ಬಚ್ಚಲು, ತಲೆಗೆ ಹನ್ನೆರಡು ನಿಮಿಷ, ಅಂದಮೇಲೆ ಆರೂಕಾಲಿಗೆ ಗೀಸರ್. ಹಲ್ಲಿನ ಡಾಕ್ಟರಿಗೂ ಬೀಗವೇ, ಮಗಳ ಭರತನಾಟ್ಯಕ್ಕೂ ಬೀಗವೇ. ಕೊರೊನಾ ಕಾಲದ ಆನ್‌ಲೈನ್ ಕ್ಲಾಸಿಗೆಂದು ಕೊಂಡ ಟ್ಯಾಬು ಮೂಲೆ ಒಡೆದುಕೊಂಡು ಈಗ ಫ್ರಿಜ್ಜಿನ ಪಕ್ಕ ಗೋಡೆಗೆ ಒರಗಿದೆ. ಅದರ ತುಂಬ ಬೀಗಗಳೇ ಕಾಣುತ್ತವೆ. ಹೊಸಬರು ನೋಡಿದರೆ ಕಳ್ಳರ ಕುಟುಂಬ ಅಂದುಕೊಂಡಾರು.

ಎರಡನೆಯ ನಿಯಮ, ಒಂದು ಕೆಲಸಕ್ಕೆ ಒಂದೇ ಹೆಸರು. ಇಲ್ಲಿಯೇ ನನಗೂ ನನ್ನ ಮೈದುನನಿಗೂ ಹತ್ತುವುದಿಲ್ಲ.

ಮೈದುನನ ಫ್ಲ್ಯಾಟು ಮಾತಾಡುತ್ತದೆ. ಹಾಲಿನಲ್ಲೊಂದು, ಅಡಿಗೆಮನೆಯಲ್ಲೊಂದು, ಮಕ್ಕಳ ಕೋಣೆಯಲ್ಲೊಂದು ಡಬ್ಬಿ. “ಅತ್ತಿಗೆ, ನಿಮ್ಮದಿನ್ನೂ ಕೈಯಲ್ಲಿ ಬರೆಯೋ ಕಾಲ” ಅನ್ನುತ್ತಾನೆ. ಅವನ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಬೆಳಿಗ್ಗೆ ಏಳಕ್ಕೆ ಮೂರೂ ಡಬ್ಬಿಗಳು ಒಟ್ಟಿಗೆ, ಹಸಿಕಸ ಒಣಕಸ ಹೊರಗಿಡಿ ಎಂದು ಇಂಗ್ಲಿಷಿನಲ್ಲಿ ಸಾರಿದವು. ಅವನು ಹೆಂಡತಿ ಇಡುತ್ತಾಳೆಂದುಕೊಂಡ, ಅವಳು ಮಗ ರಾಹುಲ ಇಡುತ್ತಾನೆಂದುಕೊಂಡಳು, ಮಗ ಹೊದಿಕೆ ಎಳೆದುಕೊಂಡ. ಕಸವನ್ನು ಕೊನೆಗೆ ಇಟ್ಟವಳು ನಾನು, ನೆಂಟಳು! ಊರಿಗೆಲ್ಲ ಡಂಗುರ ಸಾರಿದರೆ ಕಸ ಹೊರಗೆ ಹೋಗುವುದಿಲ್ಲ ಕಣಪ್ಪ. ‘ಕಸ, ರಾಹುಲ’ ಎಂದು ಬರೆದು ರಾಹುಲನ ಫೋನು ಮಾತ್ರ ಕಿರುಚಬೇಕು. (ಅವನ ಸಂಪಿನೊಳಗಿನ ಸೆನ್ಸರಿನ ಮೇಲೆ ಮಾತ್ರ ನನಗೆ ಹೊಟ್ಟೆಕಿಚ್ಚು. ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ. ಎಲ್ಲೋ ಪೈಪು ಒಡೆದು ಒಂದು ದಿನ ತಪ್ಪಿದರೆ ಸಮದಿನ ಬೆಸದಿನ ಅದಲುಬದಲಾಗಿ, ನನ್ನ ಕ್ಯಾಲೆಂಡರು ಬರಿದಾದ ನಲ್ಲಿಗೆ ಬಕೆಟ್ ಹಿಡಿಯಲು ಕರೆಯುತ್ತದೆ.)

ಇನ್ನು ಶಾಲೆಯವರು. ಅವರಿಗೊಂದು ಆ್ಯಪ್, ಶಾಲೆಯ ಬಸ್ಸಿಗೊಂದು ಆ್ಯಪ್, ಫೀಸಿಗೆ ಇನ್ನೊಂದು. ಇಷ್ಟಿದ್ದೂ ನಾಳೆ ಹಳದಿ ಬಟ್ಟೆ ಹಾಕಿ ಕಳಿಸಿ ಎನ್ನುವ ಸುದ್ದಿ ವಾಟ್ಸ್‌ಆ್ಯಪಿನಲ್ಲಿ, ಪಿಡಿಎಫ್ ಆಗಿ, ರಾತ್ರಿ 9.40ಕ್ಕೆ ಬರುತ್ತದೆ. ಅದರ ಕೆಳಗೆ ನಲವತ್ತು ಅಮ್ಮಂದಿರ ಕೈಮುಗಿದ ಚಿತ್ರ. ಅಪ್ಪಂದಿರು ಯಾರೂ ಆ ಗುಂಪಿನಲ್ಲಿಲ್ಲ. ನಮ್ಮವರನ್ನು ಸೇರಿಸಿ ನೋಡಿದೆ, ಎರಡೇ ದಿನಕ್ಕೆ ಸದ್ದು ಅಡಗಿಸಿಟ್ಟರು. ಹಳದಿ ಅಂಗಿ ಒಗೆಯುವ ಬುಟ್ಟಿಯಲ್ಲಿದೆ ಎಂಬುದು ಯಾವ ತಂತ್ರಜ್ಞಾನಕ್ಕೂ ಗೊತ್ತಿಲ್ಲ, ನನಗೆ ಗೊತ್ತು. ರಾತ್ರಿ ಹತ್ತಕ್ಕೆ ಅಂಗಿ ಹಿಂಡುತ್ತಾ ನಿಂತವಳಿಗೆ ನಗು ಬರುವುದಿಲ್ಲ.

ಇರಲಿ. ನನ್ನ ನಿಜವಾದ ಸೋಲು ಬೇರೆಯದು. ಮಾವನವರ ಶ್ರಾದ್ಧ ಕಾರ್ತಿಕ ಬಹುಳ ತದಿಗೆ. ಕ್ಯಾಲೆಂಡರಿನಲ್ಲಿ ಬರೆದು ‘ಪ್ರತಿ ವರ್ಷ’ ಒತ್ತಿದೆ. ಮರುವರ್ಷ ಅದು ಇಂಗ್ಲಿಷ್ ತಾರೀಖಿಗೆ ಗಂಟೆ ಬಾರಿಸಿತು. ಚಾಂದ್ರಮಾನದ ವರ್ಷಕ್ಕೆ 354 ದಿನ, ಅದರ ಮೇಲೆ ಅಧಿಕ ಮಾಸ. ಯುಗಾದಿಯನ್ನೇ ನೋಡಿ: 2023ರಲ್ಲಿ ಮಾರ್ಚ್ 22, ನಡುವೆ ಅಧಿಕ ಶ್ರಾವಣ ಬಂದದ್ದಕ್ಕೆ 2024ರಲ್ಲಿ ಏಪ್ರಿಲ್ 9, ಆಮೇಲೆ ಮಾರ್ಚ್ 30, ಮತ್ತೆ 2026ರಲ್ಲಿ ಮಾರ್ಚ್ 19. ಕ್ಯಾಲೆಂಡರುಗಳೆಲ್ಲ ಒಂದಕ್ಕೊಂದು ಮಾತಾಡಿಕೊಳ್ಳಲು ಐಕ್ಯಾಲೆಂಡರ್ ಎಂಬ ಕಟ್ಟಳೆಯಿದೆ, 1998ರದು. ಅದರ ಪ್ರಕಾರ ಒಂದು ಕೆಲಸ ಸೆಕೆಂಡಿಗೊಮ್ಮೆ ಮರುಕಳಿಸಲಿ ಎಂದೂ ಬರೆಯಬಹುದು. ಸೆಕೆಂಡಿಗೊಮ್ಮೆ! ಮಕ್ಕಳ ಜಗಳ ಬಿಟ್ಟರೆ ಮನೆಯಲ್ಲಿ ಅಷ್ಟು ಸಲ ಆಗುವಂಥದ್ದು ಏನಿದೆ? 2015ರಲ್ಲಿ ಚೀನೀಯರ, ಯೆಹೂದಿಗಳ, ಇಥಿಯೋಪಿಯಾದವರ ಪಂಚಾಂಗಕ್ಕೂ ಅದರಲ್ಲಿ ದಾರಿ ಮಾಡಿದರು. ನನ್ನ ಫೋನಿನಲ್ಲಿ ಬಹುಳ ತದಿಗೆಗೆ ಮಾತ್ರ ಗುಂಡಿ ಇಲ್ಲ. ಔಟರ್ ರಿಂಗ್ ರೋಡಿನಲ್ಲಿ ಅಷ್ಟೊಂದು ಜನ ಕೂತು ಕೋಡ್ ಬರೆಯುತ್ತಾರಲ್ಲ, ಅವರ ಮನೆಗಳಲ್ಲಿ ಯಾರೂ ತಿಥಿ ಮಾಡುವುದಿಲ್ಲವೆ?

ಮೈದುನ ಇದಕ್ಕೂ ಒಂದು ಆ್ಯಪ್ ತಂದ. ಅದು ತದಿಗೆ ಎಂದ ದಿನಕ್ಕೆ ರಜೆ ಹಾಕಿ, ಪುರೋಹಿತರಿಗೆ ಹೇಳುವ ಮುಂಚೆ ಅತ್ತೆಗೊಂದು ಮಾತು ತಿಳಿಸಿದ. ಅತ್ತೆ ಕನ್ನಡಕ ಏರಿಸಿ ಒಂಟಿಕೊಪ್ಪಲ್ ಪಂಚಾಂಗ ಬಿಚ್ಚಿದರು. ಸಾಲಿನ ಮೇಲೆ ಬೆರಳು ಜಾರಿ ನಿಂತಿತು. “ಆವತ್ತು ತದಿಗೆ ಹನ್ನೆರಡೇ ಘಳಿಗೆ ಕಣೋ. ಘಳಿಗೆಗೆ 24 ನಿಮಿಷ, ಹನ್ನೊಂದು ಗಂಟೆಗೆಲ್ಲ ಮುಗಿದುಹೋಯ್ತು. ಶ್ರಾದ್ಧಕ್ಕೆ ಅಪರಾಹ್ಣದಲ್ಲಿ ತಿಥಿ ಇರಬೇಕು. ಹಿಂದಿನ ದಿನವೇ ಮಾಡಬೇಕು.” ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ಣ, ಹೆಚ್ಚುಕಡಿಮೆ ಒಂದೂಕಾಲಿನಿಂದ ಮೂರೂವರೆಯವರೆಗೆ. ಆ್ಯಪ್ ನೋಡಿದ್ದು ಸೂರ್ಯೋದಯದ ತಿಥಿಯನ್ನು. ನನಗೆ ಆ ಕ್ಷಣ ಆದ ಸಂತೋಷವನ್ನು ಮೈದುನನ ಮುಂದೆ ಬಚ್ಚಿಡಲು ಕಾಫಿ ತರುವ ನೆಪ ಹೂಡಿ ಒಳಗೆ ಹೋದೆ.

ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಯಾಕೆಂದರೆ ನಾನು ಬರೆದಿಟ್ಟಿದ್ದೂ ಅದೇ ತಪ್ಪು ದಿನವೇ. ಅತ್ತೆ ಮಾತ್ರ ಸರಿಯಾದ ದಿನವನ್ನು ಎಂದೋ ಗುರುತು ಮಾಡಿದ್ದರು, ಅಡಿಗೆಮನೆಯ ಗೋಡೆಯ ಬೆಂಗಳೂರ್ ಪ್ರೆಸ್ ಕ್ಯಾಲೆಂಡರಿನಲ್ಲಿ. 1916ರಲ್ಲಿ ಶುರುವಾದ ಆ ಪ್ರೆಸ್ಸಿನ ಕ್ಯಾಲೆಂಡರಿಗೆ ಚಾರ್ಜರು ಬೇಡ, ಮೊಳೆ ಸಾಕು. ಹಾಲು ಬಾರದ ದಿನಕ್ಕೊಂದು ಕಾಟು, ಸಿಲಿಂಡರ್ ಬದಲಿಸಿದ ದಿನ ‘ಗ್ಯಾ’, ಮಾವನವರ ಶ್ರಾದ್ಧದ ದಿನಕ್ಕೆ ಪೆನ್ಸಿಲಿನಲ್ಲಿ ಒಂದು ಸಣ್ಣ ಸೊನ್ನೆ. ಈಗ ಯುಗಾದಿಯ ಮರುದಿನ ನಾನೂ ಅತ್ತೆಯೂ ಕೂರುತ್ತೇವೆ. ಅವರು ಪಂಚಾಂಗ ಓದುತ್ತಾರೆ, ನಾನು ಒಂದೊಂದನ್ನೇ ಬೆರಳಚ್ಚು ಮಾಡುತ್ತೇನೆ. ಎರಡು ಗಂಟೆ ಹಿಡಿಯುತ್ತದೆ.

ಘಳಿಗೆ ಬಲ್ಲ, ಅಧಿಕ ಮಾಸ ಬಲ್ಲ, ಐದು ಫೋನುಗಳಿಗೆ ಹಂಚಬಹುದಾದ ಕ್ಯಾಲೆಂಡರನ್ನು ಯಾರಾದರೂ ಬರೆಯುವುದಾದರೆ ದಯವಿಟ್ಟು ಮನೆಗೆ ಬನ್ನಿ. ಪಾಠ ಹೇಳಿಕೊಡಲು ಅತ್ತೆ ತಯಾರಿದ್ದಾರೆ. ಒಂದೂಕಾಲಿನಿಂದ ಮೂರೂವರೆಯವರೆಗೆ ಮಾತ್ರ ಬೇಡ, ಮಲಗಿರುತ್ತಾರೆ.