ಮನೆಯ ಮುಖ

ಮೈಸೂರಿನ ಅಗ್ರಹಾರದ ಆ ಬೀದಿಯಲ್ಲಿ ಈಗ ಉಳಿದಿರುವ ಹೆಂಚಿನ ಮನೆ ಒಂದೇ. ಎಡಕ್ಕೆ ಮೂರಂತಸ್ತು, ಬಲಕ್ಕೆ ನಾಲ್ಕಂತಸ್ತು. ನಡುವೆ, ಗ್ರೂಪ್ ಫೋಟೋದಲ್ಲಿ ಎತ್ತರದ ಮೊಮ್ಮಕ್ಕಳ ಮಧ್ಯೆ ಸಿಕ್ಕಿಕೊಂಡ ತಾತನಂತೆ ಮೇಷ್ಟ್ರ ಮನೆ. ಅವರ ತಾತ 1912ರಲ್ಲಿ ಕಟ್ಟಿಸಿದ್ದು. ಕಲ್ಲಿನ ತಳಪಾಯ, ಇಟ್ಟಿಗೆಯ ಗೋಡೆ, ಸುಣ್ಣದ ಗಾರೆ, ಮುಂದೆ ಎರಡು ಮರದ ಕಂಬ, ಕಂಬಗಳ ಹಿಂದೆ ಉದ್ದಕ್ಕೂ ಜಗಲಿ.

ಎರಡು ವರ್ಷದ ಹಿಂದೆ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಬೂದು ಬಣ್ಣದ ಗೋಡೆ, ಕಪ್ಪು ಗಾಜು, ಥಳಥಳಿಸುವ ಸ್ಟೀಲ್ ಕಂಬಿ, ಆಳೆತ್ತರದ ಗೇಟು.

'ಚೆನ್ನಾಗಿದೆ. ಯಾರ ಮನೆಯಪ್ಪಾ?' ಎಂದರು ಮೇಷ್ಟ್ರು.

'ನಮ್ಮದೇ ಅಪ್ಪ. ಹೊಸ ಎಲಿವೇಷನ್ನು.'

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಜಗಲಿಯಿದ್ದ ಜಾಗದಲ್ಲಿ ಒಂದು ಕಾರು ನಿಂತಿತ್ತು.

ಮಗ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೋತಿಗಳು ಹಾರಾಡಿ ಹೆಂಚು ಒಡೆದಿದ್ದವು. ಮಳೆ ಬಂದರೆ ನಡುಮನೆಯಲ್ಲಿ ಬಕೆಟ್ಟು, ಪಾತ್ರೆಗಳ ಮೆರವಣಿಗೆ. ಮುಂದಿನ ಗೋಡೆಯಂತೂ ನೆಲದಿಂದ ಮೂರಡಿಯವರೆಗೆ ಬಣ್ಣ ಉಬ್ಬಿ, ಬಿಳಿಯ ಉಪ್ಪು ಹೂಬಿಟ್ಟಂತೆ ಕಾಣುತ್ತಿತ್ತು. 'ನೋಡಿದವರು ಮಗ ಬೆಂಗಳೂರಿನಲ್ಲಿ ದುಡಿಯುತ್ತಿದ್ದಾನೆ, ಅಪ್ಪನನ್ನು ಕೇಳುವವರಿಲ್ಲ ಅಂದ್ಕೋತಾರೆ' ಎಂದ. ಆ ಮಾತಿಗೆ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಜಗಲಿಯ ವಿಷಯ ಎತ್ತಬೇಕೆನಿಸಿತು. ಹೆಂಡತಿ ದಿನಾ ಬೆಳಗ್ಗೆ ಸೊಪ್ಪು ಬಿಡಿಸುತ್ತ ಕೂರುತ್ತಿದ್ದುದು ಅಲ್ಲಿಯೇ. ಆಕೆ ಹೋಗಿ ಮೂರು ವರ್ಷವಾಗಿತ್ತು. ಸಾಲ ಮಾಡಿ ಮನೆ ಸರಿಮಾಡಿಸುತ್ತೇನೆಂದು ಬಂದ ಮಗನ ಮುಂದೆ ಇದನ್ನು ಹೇಗೆ ಹೇಳುವುದೆಂದು ಸುಮ್ಮನಾದರು.

ಸುಮ್ಮನಾಗಲು ಇನ್ನೂ ಒಂದು ಕಾರಣವಿತ್ತು. ಮನೆಯ ಮುಖ ಬದಲಿಸುವ ಆಸೆ ಮಗನಿಗೇ ಮೊದಲು ಬಂದದ್ದಲ್ಲ. 1994ರಲ್ಲಿ, ಎದುರುಮನೆಯವರು ಸಿಮೆಂಟು ಮಾಡಿಸಿದರೆಂದು, ಮೇಷ್ಟ್ರೇ ಪಿ.ಎಫ್. ಸಾಲ ತೆಗೆದು ಹಳೆಯ ಗಾರೆಯ ಮೇಲೆ ಸಿಮೆಂಟು ಮೆತ್ತಿಸಿ, ಹೊಳೆಯುವ ಎಣ್ಣೆ ಬಣ್ಣ ಹೊಡೆಸಿದ್ದರು. 'ಸುಣ್ಣ ಹೊಡೆಸಿದ್ದರೆ ಸಾಕಿತ್ತಲ್ಲ' ಎಂದಿದ್ದರು ಹೆಂಡತಿ. ಎರಡನೆಯ ಮಳೆಗಾಲಕ್ಕೆ ಬಣ್ಣ ಉಬ್ಬಿತು. ಆಮೇಲೆ ಎಷ್ಟು ಸಲ ಹೊಡೆಸಿದರೂ ಅದೇ ಕಥೆ.

ಎಸ್ಟಿಮೇಟಿಗೆಂದು ಕರೆಸಿದ ಮೇಸ್ತ್ರಿ ಎಪ್ಪತ್ತು ದಾಟಿದವನು. ಮೊಬೈಲಿನ ಚಿತ್ರವನ್ನು ಮರ್ಯಾದೆಗೆ ಒಮ್ಮೆ ನೋಡಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದ. ಟೊಳ್ಳು ಸದ್ದು ಬಂದ ಕಡೆ ಉಳಿಯಿಂದ ಅಂಗೈಯಗಲ ಸಿಮೆಂಟು ಕಿತ್ತ. ಒಳಗಿನ ಇಟ್ಟಿಗೆ ಕಪ್ಪಗೆ ಒದ್ದೆ.

'ಮೇಷ್ಟ್ರೇ, ಗೋಡೆಗೆ ರೈನ್‌ಕೋಟು ತೊಡಿಸಿಬಿಟ್ಟಿದ್ದೀರಿ. ಒಳಗೇ ಬೆವರ್ತಾ ಇದೆ.'

ಹಳೆಯ ಮನೆಗಳ ತಳಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಗೋಡೆಗೆ ಏರುತ್ತದೆ. ಸುಣ್ಣದ ಗಾರೆ ಅದನ್ನು ಮೆಲ್ಲಗೆ ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟೂ ಎಣ್ಣೆ ಬಣ್ಣವೂ ಆ ದಾರಿ ಮುಚ್ಚಿದರೆ ತೇವ ಇನ್ನೂ ಮೇಲಕ್ಕೇರಿ, ಜೊತೆಗೆ ತಂದ ಉಪ್ಪು ಹರಳುಗಟ್ಟಿ ಹೊರಪದರವನ್ನೇ ದೂಡುತ್ತದೆ. ಮೇಸ್ತ್ರಿ ಇಷ್ಟೆಲ್ಲ ವಿವರಿಸಲಿಲ್ಲ. 'ಇದರ ಮೇಲೆ ನೀವು ಹೇಳೋ ಕಲ್ಲು, ಗಾಜು ಅಂಟಿಸಿದರೆ ರೈನ್‌ಕೋಟಿನ ಮೇಲೆ ಕಂಬಳಿ ಹೊದಿಸಿದ ಹಾಗೆ' ಎಂದ. ಮಗ ಒದ್ದೆ ಇಟ್ಟಿಗೆಯನ್ನು ಮುಟ್ಟಿ ನೋಡಿ, ಮೊಬೈಲನ್ನು ಜೇಬಿಗಿಳಿಸಿದ.

ಕೆಲಸ ಶುರುವಾಯಿತು. ಮುಂದಿನ ಗೋಡೆಯ ಸಿಮೆಂಟನ್ನೆಲ್ಲ ಕೆತ್ತಿ, ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉದುರಿಸಿ, ಬೇಸಿಗೆಯವರೆಗೆ ಒಣಗಲು ಬಿಟ್ಟರು. ಹೋಗಿ ಬರುವವರೆಲ್ಲ 'ಮನೆ ಕೆಡವ್ತಾ ಇದ್ದೀರಾ?' ಎಂದು ಕೇಳುವವರೇ. ಹಿತ್ತಿಲಿನ ತೊಟ್ಟಿಯಲ್ಲಿ ಸುಣ್ಣ ವಾರಗಟ್ಟಲೆ ನೆನೆಯಿತು. ಅದಕ್ಕೆ ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಅರೆದು ಗಾರೆ ಮಾಡಿದರು.

ಹೆಂಚು ಇಳಿಸಿದ ದಿನ ಮಗ ಒಂದನ್ನು ಒರೆಸಿ ನೋಡಿದ. ಬಾಸೆಲ್ ಮಿಷನ್ ಎಂಬ ಅಚ್ಚು, ಜೊತೆಗೆ 1865 ಎಂಬ ಇಸವಿ. 'ಮನೆಗಿಂತ ಹೆಂಚೇ ಹಳೆಯದಾ?' ಎಂದ. ಅದು ಮಂಗಳೂರಿನ ಜೆಪ್ಪುವಿನ ಕಾರ್ಖಾನೆ ಆರಂಭವಾದ ಇಸವಿ ಎಂದು ಮೇಷ್ಟ್ರು ಪಾಠ ಹೇಳುವ ದನಿಯಲ್ಲೇ ತಿಳಿಸಿದರು. ಗಟ್ಟಿಯಿದ್ದವನ್ನು ತೊಳೆದು ಮತ್ತೆ ಹೊದಿಸಿದರು. ಗೆದ್ದಲು ತಿಂದ ರೀಪರುಗಳನ್ನು ಬದಲಾಯಿಸಿದರು. ಕೋತಿಗಳಿಗೆ ಮಾತ್ರ ಯಾರ ಬಳಿಯೂ ಉಪಾಯವಿರಲಿಲ್ಲ.

ಕಡೆಗೆ ಮೇಸ್ತ್ರಿ ಕೇಳಿದ: 'ಜಗಲಿ ಒಡೆಯೋದಾ, ಬೇಡವಾ?'

ಮೇಷ್ಟ್ರು ಬೀದಿಯ ಕಡೆ ಮುಖ ತಿರುಗಿಸಿಕೊಂಡು ನಿಂತರು.

'ಇರಲಿ ಬಿಡಿ. ಕಾರು ಪಕ್ಕದ ಓಣಿಯಲ್ಲಿ ನಿಲ್ಲುತ್ತೆ' ಎಂದ ಮಗ. ಸ್ವಲ್ಪ ಹೊತ್ತು ಬಿಟ್ಟು, 'ಗೇಟೂ ಸೊಂಟದೆತ್ತರ ಸಾಕು' ಎಂದು ಸೇರಿಸಿದ.

ಯುಗಾದಿ ಕಳೆದ ಮೇಲೆ ಗಾರೆ ಬಳಿದು, ಅದು ಒಣಗಿದ ಮೇಲೆ ಗೋಡೆಗೆ ಸುಣ್ಣ, ಜಗಲಿಯ ಅಂಚಿಗೆ ಕೆಮ್ಮಣ್ಣಿನ ಪಟ್ಟೆ ಎಳೆದದ್ದಾಯಿತು. ಮರುದಿನ ಬೆಳಗ್ಗೆ ಸೊಪ್ಪಿನವಳು ಬಂದು, ಯಾರನ್ನೂ ಕೇಳದೆ ಬುಟ್ಟಿಯನ್ನು ಜಗಲಿಯ ಮೇಲಿಳಿಸಿ ಗೋಡೆಗೊರಗಿ ಕೂತಳು. ಏಳುವಾಗ ಬೆನ್ನೆಲ್ಲ ಸುಣ್ಣ. 'ಅಯ್ಯೋ, ಸೀರೆಗೆ ಅಂಟಿತಲ್ಲಮ್ಮಾ' ಎಂದು ಮೇಷ್ಟ್ರು ಪೇಚಾಡಿದರು.

'ಅಂಟಲಿ ಬಿಡಿ ಸ್ವಾಮಿ, ಕೊಡವಿದರೆ ಹೋಯ್ತದೆ' ಎಂದ ಅವಳು, ಹಳೆಯ ಅಭ್ಯಾಸದಂತೆ ಒಂದು ಕಟ್ಟು ದಂಟಿನ ಸೊಪ್ಪನ್ನು ಜಗಲಿಯ ಮೇಲಿಟ್ಟು ಮುಂದಿನ ಬೀದಿಗೆ ಹೊರಟಳು.