ಕೇಳುವುದು ಒಮ್ಮೆ

ಕಳೆದ ತಿಂಗಳು ನಮ್ಮ ತಮ್ಮನ ಮಗ ಬೆಂಗಳೂರಿನಿಂದ ಬಂದಿದ್ದ. ರಾತ್ರಿ ಊಟವಾದ ಮೇಲೆ, "ದೊಡ್ಡಪ್ಪಾ, ನಮ್ಮ ಆಫೀಸಿನಾಗ ಒಬ್ಬಾಕಿ ಅದಾಳ. ಆಕಿ ಮನಸ್ಸಿನಾಗ ಏನೈತಿ ಅಂತ ಹೆಂಗ ತಿಳ್ಕೋಬೇಕು?" ಎಂದು ಕೇಳಿದ. ಮಠದಲ್ಲಿ ಓದಿ ಬೆಳೆದ ನಮ್ಮನ್ನು ಇಂಥ ಪ್ರಶ್ನೆ ಕೇಳಬಹುದೆಂದು ಅವನಿಗೆ ಅನ್ನಿಸಿದ್ದೇ ಸಂತೋಷ. ಉತ್ತರವಾಗಿ ನಮ್ಮದೇ ಕಥೆಯೊಂದನ್ನು ಹೇಳಬೇಕಾಯಿತು.

1987ರ ಮಾತು. ನಾವು ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕರಾಗಿದ್ದೆವು. ಅಲ್ಲಿಯ ಗ್ರಂಥಾಲಯದಲ್ಲಿ ತರುಣಿಯೊಬ್ಬರು ಹಂಗಾಮಿ ನೌಕರಿಯಲ್ಲಿದ್ದರು. ನಾವು ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಕಿಟ್ಟೆಲ್ ಕೋಶವನ್ನು ಮೇಜಿನ ಮೇಲೆ ತಂದಿಡುತ್ತಿದ್ದರು. ಅದು ನಮಗೇ ಮೀಸಲಾದ ಆದರವೆಂದು ಬಗೆದೆವು. ಕೆಲವು ತಿಂಗಳ ಮೇಲೆ ಕಣ್ತೆರೆದು ನೋಡಿದರೆ, ಪಿಯುಸಿ ಹುಡುಗನಿಗೂ ಕೇಳುವ ಮೊದಲೇ ಗಣಿತದ ಪುಸ್ತಕ ಸಿದ್ಧವಿರುತ್ತಿತ್ತು. ಅದು ಅವರ ಕಾಯಕನಿಷ್ಠೆ. ಬೇರೆ ಅರ್ಥ ಹಚ್ಚಿದವರು ನಾವು.

ಅದನ್ನು ಅರಿತ ಮೇಲೆ ಗೌರವ ಹೆಚ್ಚಿತೇ ಹೊರತು ಅಭಿಲಾಷೆ ಕುಂದಲಿಲ್ಲ. ಒಂದು ಸಂಜೆ ಧೈರ್ಯ ಮಾಡಿ, "ನಿಮ್ಮ ಮನೆಗೆ ಹಿರಿಯರನ್ನು ಕಳಿಸಬಹುದೇ?" ಎಂದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಬ್ಯಾಡ್ರಿ ಸರ" ಎಂದರು. ಅವರು ಕಾರಣ ಹೇಳಲಿಲ್ಲ, ನಾವು ಕೇಳಲಿಲ್ಲ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಇನ್ನು ಗ್ರಂಥಾಲಯಕ್ಕೆ ಹೋಗುವುದೇ ಬೇಡವೆನ್ನಿಸಿತು. ಆದರೆ ಹೋಗದಿದ್ದರೆ ಅದೂ ಒಂದು ಮುನಿಸಲ್ಲವೇ? ಮರುದಿನ ಹೋಗಿ ಎಂದಿನಂತೆ ಕೋಶ ಕೇಳಿದೆವು; ಎಂದಿನಂತೆ ತಂದಿಟ್ಟರು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮುಂದೆ ಅವರ ನೌಕರಿ ಕಾಯಂ ಆಯಿತು. ಇಬ್ಬರಿಗೂ ಬೇರೆ ಬೇರೆ ಸಂಸಾರಗಳಾದವು. 2019ರಲ್ಲಿ, ನಮ್ಮ ನಿವೃತ್ತಿಯ ದಿನ, ಅವರೇ ಹತ್ತಿರ ಬಂದು ಹೇಳಿದರು: "ಸರ, ಆವಾಗ ನೀವು ಗ್ರಂಥಾಲಯ ಸಮಿತಿಯೊಳಗ ಇದ್ರಿ. ಬ್ಯಾಡ ಅಂದದ್ದಕ್ಕ ನೌಕರಿ ಹೋಗ್ತದೇನೋ ಅಂತ ಹೆದರಿದ್ದೆ. ಮರುದಿನ ನೀವು ಬಂದು ಪುಸ್ತಕ ಕೇಳಿದ ಮ್ಯಾಲೆ ಜೀವ ತಣ್ಣಗಾತು."

ನಾವು ನಮ್ಮ ದುಃಖವನ್ನೇ ಎಣಿಸುತ್ತ ಹೊರಳಾಡಿದ ರಾತ್ರಿ, ಅವರು ಅನ್ನದ ಚಿಂತೆಯಲ್ಲಿ ಎಚ್ಚರವಿದ್ದರು. ಮೂವತ್ತೆರಡು ವರ್ಷ ಇದು ನಮಗೆ ಹೊಳೆದಿರಲೇ ಇಲ್ಲ. ಸರ್ವೋಚ್ಚ ನ್ಯಾಯಾಲಯದ ವಿಶಾಖಾ ತೀರ್ಪು ಬಂದದ್ದು 1997ರಲ್ಲಿ. ಹತ್ತು ಜನ ದುಡಿಯುವ ಕಡೆಯಲ್ಲೂ ಮಹಿಳೆಯರ ದೂರು ಆಲಿಸುವ ಆಂತರಿಕ ಸಮಿತಿ ಇರಬೇಕೆಂಬ ಕಾಯಿದೆಯಾದದ್ದು 2013ರಲ್ಲಿ. ನಾವು ಪೀಡಿಸಿದ್ದರೆ, ಅಂದು ಅವರಿಗೆ ತಟ್ಟಲು ಅಂಥ ಬಾಗಿಲೊಂದೂ ಇರಲಿಲ್ಲ.

ಕಥೆ ಮುಗಿಸಿ ಹುಡುಗನನ್ನು ಕೇಳಿದೆವು: "ಆಕೆಯ ಮೇಲೆ ನಿನ್ನ ಅಧಿಕಾರವೇನಾದರೂ ಉಂಟೇ?"

ಅವನು ತಲೆ ತಗ್ಗಿಸಿ, "ರಜಾ ಅರ್ಜಿ ನನ್ನ ಕಡೆನ ಬರ್ತೈತಿ" ಎಂದ.

"ಮೊದಲು ಅದು ಬೇರೆಯವರ ಕೈಗೆ ಹೋಗಲಿ. ಆಮೇಲೆ ಒಮ್ಮೆ ಕೇಳು. ಬೇಡವೆಂದರೆ, ಮರುದಿನ ಎಂದಿನಂತೆ ಕೆಲಸಕ್ಕೆ ಹೋಗು" ಎಂದೆವು.

ನಮ್ಮ ಮನೆಗಳ ಗಂಡುಮಕ್ಕಳಿಗೆ ವಿದ್ಯೆ ಕೊಡಿಸುತ್ತೇವೆ, ನೌಕರಿ ಕೊಡಿಸುತ್ತೇವೆ. ಆ ಮರುದಿನದ ನಡತೆಯನ್ನೂ ಕಲಿಸಬೇಕಾದವರು ನಾವೇ.